ಹಾಸನ ಸೀಮೆಯ ವರ್ತಕಸಂಘಗಳು

ಕೊಣನೂರು ಕಾವೇರೀತೀರದ ಊರು. ಅದರ ಪಡುವಣಕ್ಕೆ ಸೋಮವಾರಪೇಟೆ, ಶನಿವಾರಸಂತೆಗಳ ಮಲೆಸೀಮೆ. ಮೂಡಣಕ್ಕೆ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಬಯಲುಸೀಮೆ. ಈ ಎರಡು ಸೀಮೆಗಳ ನಡುವಣ ಅರಕಲಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಬತ್ತವೂ ರಾಗಿಯೂ ಬೆಳೆಯುತ್ತವೆ. ಉಪ್ಪು ಮಾತ್ರ ಬೆಳೆಯುವುದಿಲ್ಲ. ಎಷ್ಟು ಸಮೃದ್ಧವಾದ ಒಳನಾಡಾದರೂ ಉಪ್ಪಿಗಾಗಿ ಕಡಲಿನ ಕಡೆಗೆ ಕೈಚಾಚದೆ ವಿಧಿಯಿಲ್ಲ. ರೈಲೂ ಮೋಟಾರೂ ಇಲ್ಲದಿದ್ದ ಕಾಲದಲ್ಲಿ ಆ ಉಪ್ಪು ಹೇರೆತ್ತಿನ ಬೆನ್ನೇರಿ ಘಟ್ಟವನ್ನು ಹತ್ತಿ, ಕಾಡನ್ನು ಹಾದು, ಹೊಳೆಯನ್ನು ದಾಟಿ, ಅರಸರ ಸುಂಕದ ಕಟ್ಟೆಗಳಲ್ಲಿ ನಿಂತು ನಿಂತು ಬಂದು ಗೃಹಿಣಿಯ ಮಡಕೆಯನ್ನು ಸೇರಬೇಕಾಗಿದ್ದಿತು. ಈ ದೀರ್ಘಪಥದ ಯಾವ ಒಂದು ತಾಣದಲ್ಲಿ ವಿಘ್ನವುಂಟಾದರೂ ಅದರ ಫಲವನ್ನು ನೂರಾರು ಹಳ್ಳಿಗಳು ಅನುಭವಿಸಬೇಕಾಗುತ್ತಿದ್ದಿತು. ಹೀಗಿದ್ದರೂ ಶತಮಾನಗಳ ಕಾಲ ಸರಕು ಬಂದಿತು, ಸಂತೆಗಳು ಕೂಡಿದವು, ಪಟ್ಟಣಗಳು ಬೆಳೆದವು. ಇದು ಹೇಗೆ ಸಾಧ್ಯವಾಯಿತೆಂಬುದು ಅರಸರ ವಂಶಾವಳಿಗಿಂತ ಕಡಿಮೆ ಮಹತ್ವದ ವಿಷಯವಲ್ಲ.

ಅಂದಿನ ವ್ಯಾಪಾರಕ್ಕೆ ಒದಗುತ್ತಿದ್ದ ಅಪಾಯಗಳು ಹಲವು. ಕಾಡುದಾರಿಯಲ್ಲಿ ಕಳ್ಳರ ಭಯ. ಕಳ್ಳರೊಡನೆ ಕಾದಿ ಮಡಿದವರ ವೀರಗಲ್ಲುಗಳು ಕನ್ನಡನಾಡಿನಲ್ಲಿ ಎಷ್ಟೋ ಕಡೆ ನಿಂತಿವೆ. ಅರಸರು ಒಬ್ಬರೊಡನೊಬ್ಬರು ಕಾದುತ್ತಿದ್ದುದರಿಂದ ದಾರಿ ಮುಚ್ಚುವ ಭಯ ಮತ್ತೊಂದು. ಅರಕಲಗೂಡಿನ ಸುತ್ತಣ ಸೀಮೆಯನ್ನೂ ಕೊಡಗಿನ ಬಡಗಣ ಭಾಗವನ್ನೂ ೧೧, ೧೨ನೆಯ ಶತಮಾನಗಳಲ್ಲಿ ಕೊಂಗಾಳ್ವರು ಆಳುತ್ತಿದ್ದರು. ಮೊದಲು ಚೋಳರಿಗೆ ಅಧೀನರಾಗಿದ್ದ ಈ ಮನೆತನದವರ ಮೇಲೆ ಬಳಿಕ ಹೊಯ್ಸಳರ ಒತ್ತಡ ಹೆಚ್ಚುತ್ತ ಬಂದಿತು. ಇಂತಹ ಗಡಿನಾಡಿನಲ್ಲಿ ನಡೆಯುವ ವರ್ತಕನು ಇಂದು ಒಬ್ಬ ಅರಸನ ಆಣೆಗೆ, ನಾಳೆ ಇನ್ನೊಬ್ಬನ ಆಣೆಗೆ ಒಳಗಾಗುತ್ತಿದ್ದನು. ಕಡಲಿನ ಮೇಲಂತೂ ಬಿರುಗಾಳಿಯ ಭಯದ ಜೊತೆಗೆ ದೊರೆಗಳ ಭಯವೂ ಇದ್ದಿತು. ಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದ ಹಡಗಿನ ಸರಕೆಲ್ಲವೂ ಆ ದಡದ ಅರಸನ ಸ್ವತ್ತೆಂಬುದು ಅನೇಕ ಕಡೆಗಳಲ್ಲಿ ರೂಢಿಯಾಗಿದ್ದಿತು. ಕಾಕತೀಯ ಗಣಪತಿದೇವನು ಕ್ರಿ. ಶ. ೧೨೪೪ರ ಸುಮಾರಿನಲ್ಲಿ ತೆಲುಗುನಾಡಿನ ಮೋಟುಪಲ್ಲಿ ರೇವಿನಲ್ಲಿ ನೆಡಿಸಿದ ಅಭಯಶಾಸನವು ಈ ರೂಢಿಯನ್ನು ಬಿಟ್ಟು, ಗೊತ್ತಾದ ಸುಂಕವನ್ನು ಮಾತ್ರ ತೆಗೆದುಕೊಳ್ಳುವುದಾಗಿ ಕಡಲವರ್ತಕರಿಗೆ ಭರವಸೆ ಕೊಟ್ಟಿತು. ಅಭಯವನ್ನು ಕಲ್ಲಿನ ಮೇಲೆ ಕೆತ್ತಿಸಬೇಕಾಯಿತೆಂಬುದರಿಂದಲೇ ಭಯದ ಪ್ರಮಾಣವನ್ನು ಊಹಿಸಬಹುದು.

ಒಂಟಿ ವರ್ತಕನಿಗೆ ಈ ಅಪಾಯಗಳನ್ನು ತಾಳಿಕೊಳ್ಳುವ ಶಕ್ತಿಯಿರಲಿಲ್ಲ. ಹತ್ತು ಎತ್ತುಗಳ ಒಡೆಯನೊಬ್ಬನು ಹತ್ತು ಮಂದಿ ಕಾವಲುಗಾರರನ್ನು ಇಟ್ಟುಕೊಂಡರೆ ಲಾಭವೆಲ್ಲವೂ ಕಾವಲಿಗೇ ಸಂದುಹೋಗುವುದು. ಇಟ್ಟುಕೊಳ್ಳದಿದ್ದರೆ ಒಂದೇ ರಾತ್ರಿಯಲ್ಲಿ ಮೂಲಧನವೇ ಹೋಗಬಹುದು. ಅಂತಹ ಹತ್ತು ಮಂದಿ ಕೂಡಿ ನಡೆದರೆ ಒಬ್ಬೊಬ್ಬನಿಗೆ ತಗಲುವುದು ಒಬ್ಬ ಕಾವಲುಗಾರನ ವೆಚ್ಚ. ದೊರೆಯುವುದು ಹತ್ತು ಮಂದಿಯ ರಕ್ಷೆ. ಈ ಸರಳವಾದ ಲೆಕ್ಕವೇ ಮಧ್ಯಕಾಲದ ದಕ್ಷಿಣದೇಶದ ವರ್ತಕಸಂಘಗಳ ಬೀಜವು. ಅವುಗಳಲ್ಲೆಲ್ಲ ಹೆಸರಾದುದು ಅಯ್ಯಾವೊಳೆಯ ಐನೂರ್ವರ ಸಂಘ.

ಅಯ್ಯಾವೊಳೆಯೆಂಬುದು ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ಅಲ್ಲಿಯ ಲಾಡಖಾನ ಗುಡಿಯ ೮ನೆಯ ಶತಮಾನದ ಶಾಸನದಲ್ಲಿ ಐನೂರು ಮಂದಿ ಮಹಾಜನರ ಉಲ್ಲೇಖವಿದೆ. ಮುಂದೆ ‘ಐನೂರ್ವರು’ ಎಂಬುದು ತಲೆಯೆಣಿಕೆಯಾಗಿ ಉಳಿಯದೆ ಒಂದು ಬಿರುದಾಗಿ, ಕನ್ನಡ, ತೆಲುಗು, ತಮಿಳುನಾಡುಗಳಲ್ಲೆಲ್ಲ ಹರಡಿದ ಮಹಾಸಂಘದ ಹೆಸರಾಯಿತು. ಇದು ಒಂದೇ ಅಂಗಡಿಯ ಅನೇಕ ಶಾಖೆಗಳಂತಿರಲಿಲ್ಲವೆಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಊರೂರಿನ ವರ್ತಕಸಮೂಹವಾದ ‘ನಖರ’, ದಾರಿ ನಡೆಯುವ ‘ಮುಮ್ಮುರಿದಂಡ’, ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ಪಂಗಡಗಳು, ಸೆಟ್ಟಿಗಳು, ಗವರೆಗಳು, ಗಾತ್ರಿಗರು, ಇವರೆಲ್ಲರೂ ತಂತಮ್ಮ ಮೂಲಧನವನ್ನೂ ತಂತಮ್ಮ ಲಾಭವನ್ನೂ ಬೇರೆಯಾಗಿಯೇ ಇಟ್ಟುಕೊಂಡು, ‘ವೀರಬಣಂಜು ಧರ್ಮ’ವೆಂಬ ಒಂದು ಕಟ್ಟಳೆಗೆ ಒಳಪಟ್ಟಿದ್ದರು. ಸಂಘಗಳೇ ಕೂಡಿದ ಸಂಘವೆಂದು ಇದನ್ನು ಹೇಳಬಹುದು. ವ್ಯಾಪಾರದಲ್ಲಿ ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳು. ಅಪಾಯದಲ್ಲಿ ಒಬ್ಬರಿಗೊಬ್ಬರು ಬಂಧುಗಳು.

ಶಿಕಾರಿಪುರ ತಾಲ್ಲೂಕಿನ ಕ್ರಿ. ಶ. ೧೦೫೪ರ ಶಾಸನವೊಂದು ಈ ವರ್ತಕರ ಸಂಚಾರವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಚೇರ, ಚೋಳ, ಪಾಂಡ್ಯ ದೇಶಗಳಿಂದ ಹಿಡಿದು ನೇಪಾಳ, ಪಾರಸೀಕದವರೆಗೆ ನೆಲದ ಮೇಲೂ ನೀರಿನ ಮೇಲೂ ಅವರು ಸಂಚರಿಸುತ್ತಿದ್ದರೆಂದೂ, ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳನ್ನು ಮಾರುತ್ತಿದ್ದರೆಂದೂ ಅದರಿಂದ ತಿಳಿಯುತ್ತದೆ. ಪ್ರಶಸ್ತಿಯ ಮಾತುಗಳಲ್ಲಿ ಅತಿಶಯವಿರುವುದು ಸಹಜವಾದರೂ, ಈ ಸಂಚಾರವು ಕೇವಲ ಕವಿಕಲ್ಪನೆಯಲ್ಲವೆಂಬುದಕ್ಕೆ ಕಡಲಾಚೆಯ ಸಾಕ್ಷ್ಯವೂ ಉಂಟು. ಸುಮಾತ್ರಾ ದ್ವೀಪದ ಬರೂಸ್ ಎಂಬ ರೇವಿನ ಬಳಿ ದೊರೆತ ಕ್ರಿ. ಶ. ೧೦೮೮ರ ತಮಿಳು ಶಾಸನದಲ್ಲಿ ಐನೂರ್ವರ ಸಂಘವು ತನ್ನ ಹಡಗುಗಳವರ ಮೇಲೆ ತಾನೇ ವಿಧಿಸಿಕೊಂಡ ತೆರಿಗೆಯ ವಿವರವಿದೆ. ಹಡಗಿನ ಒಡೆಯನೂ ಅದನ್ನು ನಡಸುವವರೂ ಕಸ್ತೂರಿಯ ಬೆಲೆಯ ಪ್ರಕಾರ ಚಿನ್ನವನ್ನು ಸಲ್ಲಿಸಿದ ಮೇಲೆಯೇ ಮುಂದಿನ ಕಾರ್ಯಕ್ಕೆ ತೊಡಗಬೇಕಾಗಿದ್ದಿತು. ಅರಸನ ಕೈಗೆಟುಕದ ಆ ದೂರದ ದ್ವೀಪದಲ್ಲಿ ತೆರಿಗೆಯನ್ನು ವಿಧಿಸಿದವರೂ ಅದನ್ನು ಕೊಟ್ಟವರೂ ವರ್ತಕರೇ.

ಈ ಸ್ವಯಂವಿಧಿತ ತೆರಿಗೆಯೇ ಸಂಘದ ಬೆನ್ನೆಲುಬು. ಬೆಳಗಾವಿಯಲ್ಲಿ ರಟ್ಟರ ಆಳ್ವಿಕೆಯ ಕಾಲದ ಕ್ರಿ. ಶ. ೧೨೦೪ರ ಶಾಸನದ ಮೇರೆಗೆ, ಆ ಊರಿನ ವರ್ತಕರೂ ಮುಮ್ಮುರಿದಂಡಗಳೂ ಲಾಟದೇಶದಿಂದಲೂ ಮಲೆಯಾಳದಿಂದಲೂ ಬಂದ ವ್ಯಾಪಾರಿಗಳೂ ಒಂದೆಡೆ ಸಭೆ ಸೇರಿ, ಕುದುರೆ, ಬತ್ತ, ಹತ್ತಿ, ವೀಳೆಯದೆಲೆ ಮೊದಲಾದ ಸರಕುಗಳ ಮೇಲೆ ಆಯವನ್ನು ಗೊತ್ತುಮಾಡಿಕೊಂಡು ಬಸದಿಗೆ ಬಿಟ್ಟುಕೊಟ್ಟರು. ತಮಿಳುನಾಡಿನ ಪಿರಾನ್‌ಮಲೆಯ ಶಾಸನವೂ ಇದೇ ರೀತಿಯಲ್ಲಿ ಉಪ್ಪು, ಅಕ್ಕಿ, ಮೆಣಸು, ಅಡಕೆ, ಕಬ್ಬಿಣ, ನೂಲು, ಬಟ್ಟೆಗಳ ಪ್ರತಿಯೊಂದು ಹೇರಿಗೂ ಇಷ್ಟಿಷ್ಟೆಂದು ಪಟ್ಟಿಮಾಡುತ್ತದೆ. ಮೇಲುನೋಟಕ್ಕೆ ಇವು ದೇವಾಲಯಕ್ಕೆ ಕೊಟ್ಟ ದಾನಗಳು. ಆದರೆ ಅಂದಿನ ದೇವಾಲಯವು ಪೂಜೆಯ ಸ್ಥಳ ಮಾತ್ರವಾಗಿರಲಿಲ್ಲ. ವರ್ತಕರ ಸಭೆ ಕೂಡುತ್ತಿದ್ದುದು ಅಲ್ಲಿ. ಒಡಂಬಡಿಕೆಯನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದುದು ಅಲ್ಲಿ. ದೂರದೇಶದ ವರ್ತಕನು ಮೊದಲು ಹೋಗಿ ನಿಲ್ಲುತ್ತಿದ್ದುದೂ ಅಲ್ಲಿಯೇ. ಹೇರಿಗಿಷ್ಟೆಂದು ಎಲ್ಲರೂ ಕೊಡುವ ಅಲ್ಪಧನದಿಂದ, ಯಾರೊಬ್ಬರೂ ಒಂಟಿಯಾಗಿ ಕಟ್ಟಲಾರದ ಒಂದು ಆಶ್ರಯವು ಊರೂರಿನಲ್ಲಿ ಸಿದ್ಧವಾಗುತ್ತಿದ್ದಿತು.

ಹಾಸನ ಸೀಮೆಯು ಈ ವ್ಯವಸ್ಥೆಯ ಹೊರಗೆ ಇರಲಿಲ್ಲ. ಬಿ. ಎಲ್. ರೈಸರು ೧೯೦೨ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವೂ, ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದ ಶ್ರವಣಬೆಳಗೊಳದ ಸಂಪುಟವೂ ಇದಕ್ಕೆ ಪ್ರಮಾಣಗಳು. ಹಡಗಿನಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ವಡ್ಡವ್ಯವಹಾರಿಯೊಬ್ಬನನ್ನು ೧೨ನೆಯ ಶತಮಾನದ ಅರಸೀಕೆರೆಯ ಶಾಸನವು ಹೊಗಳುತ್ತದೆ. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವಾಗ ಸಿಕ್ಕುವ ಮೊಸಳೆಯು ಈಗ ಜೋಡಿಗುಡಿಗಳಿಂದ ಪ್ರಸಿದ್ಧವಾದ ಹಳ್ಳಿ. ೧೨ನೆಯ ಶತಮಾನದಲ್ಲಿ ಅಲ್ಲಿಯ ವಡ್ಡವ್ಯವಹಾರಿ ಬಸವಿಸೆಟ್ಟಿಯು ಶ್ರವಣಬೆಳಗೊಳದಲ್ಲಿ ಇಪ್ಪತ್ತುನಾಲ್ಕು ತೀರ್ಥಂಕರರ ಪ್ರತಿಮೆಗಳನ್ನು ಮಾಡಿಸಿದನು. ಮೊಸಳೆಯ ವರ್ತಕರು ಅವುಗಳ ಪೂಜೆಗೆ ವರ್ಷವರ್ಷವೂ ಹಣ ಸಲ್ಲಿಸುವುದಾಗಿ ಒಪ್ಪಿಕೊಂಡರು. ಒಬ್ಬನು ಮಾಡಿದ ಕಾರ್ಯಕ್ಕೆ ಊರಿನ ವರ್ತಕಸಮೂಹವು ಹೊಣೆಯಾಯಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಒಬ್ಬ ಸೆಟ್ಟಿಯ ಮನೆ ಮುಳುಗಬಹುದು, ವಂಶವೇ ಅಳಿಯಬಹುದು. ಸಮೂಹವು ಉಳಿದಿರುವವರೆಗೂ ಮಾತು ಉಳಿಯುತ್ತದೆ.

ಶ್ರವಣಬೆಳಗೊಳದ ನಗರಜಿನಾಲಯದ ವೃತ್ತಾಂತವು ಇನ್ನೂ ಬೋಧಪ್ರದವಾಗಿದೆ. ವೀರಬಲ್ಲಾಳನ ಪಟ್ಟಣಸ್ವಾಮಿಯಾಗಿದ್ದ ನಾಗದೇವನು ಇದನ್ನು ಕ್ರಿ. ಶ. ೧೧೯೫ರ ಸುಮಾರಿನಲ್ಲಿ ಕಟ್ಟಿಸಿದನು; ಇದರ ರಕ್ಷಣೆಯ ಭಾರವನ್ನು ಊರಿನ ನಖರಗಳು ವಹಿಸಿಕೊಂಡವು. ಸುಮಾರು ಒಂದು ಶತಮಾನ ಕಳೆದ ಮೇಲೆ, ಅದರ ಜೀರ್ಣೋದ್ಧಾರಕ್ಕಾಗಿ ಬೆಳಗೊಳದ ಮತ್ತು ಜಿನನಾಥಪುರದ ವರ್ತಕರು, ಸರಕು ದೇಶದ್ದಾಗಲಿ ಪರದೇಶದ್ದಾಗಲಿ ತಮಗೆ ಬಂದ ಆದಾಯದಲ್ಲಿ ನೂರಕ್ಕೆ ಒಂದರಂತೆ ಸಲ್ಲಿಸುವುದೆಂದು ನಿಶ್ಚಯಮಾಡಿಕೊಂಡರು. ಆದಾಯವನ್ನು ಮರೆಮಾಚಿದವನು ದೇವರಿಗೂ ಅರಸನಿಗೂ ಸಮಯಕ್ಕೂ ದ್ರೋಹಿಯೆಂದು ಆ ಶಾಸನವು ಶಪಿಸುತ್ತದೆ. ಈ ಶಾಪದಲ್ಲಿ ಒಂದು ಸೂಕ್ಷ್ಮವಿದೆ. ಕೂಡಿ ಬಾಳುವ ವ್ಯಾಪಾರಕ್ಕೆ ಹೊರಗಿನ ಕಳ್ಳನಿಗಿಂತ ಒಳಗಿನ ಸುಳ್ಳುಲೆಕ್ಕವೇ ದೊಡ್ಡ ಶತ್ರು. ಕಳ್ಳನನ್ನು ಕಾವಲುಗಾರನು ಹಿಡಿಯಬಲ್ಲನು. ತನ್ನ ಪಾಲನ್ನು ಕಡಿಮೆ ತೋರಿಸಿ ಸಮೂಹದ ರಕ್ಷೆಯನ್ನು ಪೂರ್ತಿಯಾಗಿ ಅನುಭವಿಸುವವನನ್ನು ಹಿಡಿಯುವವರಾರು? ಒಬ್ಬನು ಹಾಗೆ ಮಾಡಿದುದನ್ನು ಕಂಡರೆ ಎರಡನೆಯವನೂ ಮಾಡುವನು. ಕಡೆಗೆ ಕೊಡುವವರೇ ಇಲ್ಲದಂತಾಗಿ ಸಂಘವು ಹೆಸರಿಗೆ ಮಾತ್ರ ಉಳಿಯುವುದು. ಆದುದರಿಂದಲೇ ಆಣೆ, ಶಾಪ, ಬಹಿಷ್ಕಾರಗಳ ಬಲದಿಂದ ಆ ಕಾಲದವರು ನಂಬಿಕೆಯನ್ನು ಕಾಯ್ದುಕೊಂಡರು.

ಇಂತಹ ಸಂಘಗಳು ಏಕೆ ಅಳಿದುವು? ಕಳ್ಳರ ಕೈಗೆ ಒಂದು ಸಾರ್ಥ ಸಿಕ್ಕಿದರೆ ಉಳಿದ ಒಂಬತ್ತು ಸಾರ್ಥಗಳು ಊರು ಸೇರುತ್ತವೆ. ಒಂದು ಹಡಗು ಮುಳುಗಿದರೆ ಉಳಿದವು ದಡ ಮುಟ್ಟುತ್ತವೆ. ಉಳಿದವರ ಲಾಭದಿಂದ ಕೆಟ್ಟವನನ್ನು ಎತ್ತಿ ನಿಲ್ಲಿಸುವುದು ಸಾಧ್ಯ. ಆದರೆ ಎಲ್ಲರ ಮೇಲೂ ಒಮ್ಮೆಗೇ ಬೀಳುವ ಆಪತ್ತಿನಲ್ಲಿ ಎತ್ತುವವರಾರು, ಎತ್ತಿಸಿಕೊಳ್ಳುವವರಾರು? ಕ್ರಿ. ಶ. ೧೩೧೧ರಲ್ಲಿ ಮಲಿಕ್ ಕಾಫರನ ಸೈನ್ಯವು ದೋರಸಮುದ್ರದ ಮೇಲೆ ಬಿದ್ದಿತು. ೧೩೨೭ರ ಸುಮಾರಿನಲ್ಲಿ ದೆಹಲಿಯ ದಂಡು ಮತ್ತೆ ಬಂದಿತು. ಆ ಶತಮಾನದ ನಡುವಿಗೆ ಹೊಯ್ಸಳರಾಜ್ಯವೇ ಮುಗಿಯಿತು. ಸರಕನ್ನು ಕೊಳ್ಳುವ ರಾಜಧಾನಿ, ಆಯವನ್ನು ಪಡೆಯುವ ದೇವಾಲಯ, ಸಭೆ ಕೂಡುವ ಪಟ್ಟಣ, ಇವೆಲ್ಲವೂ ಒಟ್ಟಿಗೆ ಅಲುಗಿದುವು. ಮುಂದೆ ವಿಜಯನಗರದ ಕಾಲದಲ್ಲಿ ವ್ಯಾಪಾರವು ಮತ್ತೆ ಚಿಗುರಿತಾದರೂ, ಕುದುರೆಯ ವ್ಯಾಪಾರವು ಕಡಲಾಚೆಯಿಂದ ಬಂದ ಅರಬ್ಬರ ಕೈಯಲ್ಲಿಯೂ, ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರ ಕೈಯಲ್ಲಿಯೂ ಸೇರಿಹೋಯಿತು. ಐನೂರ್ವರ ಹೆಸರು ಶಾಸನಗಳಲ್ಲಿ ಕ್ರಮೇಣ ವಿರಳವಾಯಿತು. ಹಂಚಿಕೊಳ್ಳಬಹುದಾದ ಅಪಾಯವನ್ನು ಆ ಸಂಘವು ನಾಲ್ಕಾರು ಶತಮಾನಗಳ ಕಾಲ ಗೆದ್ದಿತು. ಹಂಚಿಕೊಳ್ಳಲಾಗದ ಅಪಾಯದ ಮುಂದೆ ಸೋತಿತು.

ಈ ಭೇದವನ್ನು ಇದೇ ಹಾಸನ ಸೀಮೆಯು ಆರು ಶತಮಾನಗಳ ತರುವಾಯ ಮತ್ತೊಮ್ಮೆ ಕಲಿಯಬೇಕಾಯಿತು. ಈ ಬಾರಿ ಸರಕು ಕುದುರೆಯೂ ಅಲ್ಲ, ಕಸ್ತೂರಿಯೂ ಅಲ್ಲ. ಇಂದು ಪ್ರತಿಯೊಂದು ಮನೆಯಲ್ಲಿಯೂ ಬೆಳಗಾಗುತ್ತಲೇ ಪರಿಮಳಿಸುವ ಕಾಫಿ. ಮಂಜರಾಬಾದ್ ಎಂದು ಹೆಸರಾಗಿದ್ದ ಸಕಲೇಶಪುರದ ಸೀಮೆಯಲ್ಲಿ ೧೯ನೆಯ ಶತಮಾನದ ನಡುಗಾಲದಿಂದ ಕಾಫಿಯ ತೋಟಗಳು ಹಬ್ಬಿದವು. ಕೊಣನೂರಿನ ಪಡುವಣದ ಮಲೆಗಳೂ ಕಾಫಿಯ ಮಲೆಗಳಾದವು. ತೋಟಗಾರರು ೧೮೯೩ರಲ್ಲಿ ದಕ್ಷಿಣಭಾರತದ ತೋಟಗಾರರ ಐಕ್ಯಸಂಘವನ್ನು ಕಟ್ಟಿಕೊಂಡರು. ಗಿಡದ ರೋಗಗಳನ್ನು ಶೋಧಿಸುವುದಕ್ಕಾಗಿ ಬಾಳೆಹೊನ್ನೂರಿನಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, ೧೯೨೫ರಲ್ಲಿ, ಪ್ರಯೋಗಶಾಲೆಯು ಆರಂಭವಾಯಿತು. ಇವು ಹಂಚಿಕೊಳ್ಳಬಹುದಾದ ಅಪಾಯಗಳಿಗೆ ತಕ್ಕ ಉಪಾಯಗಳು. ಆದರೆ ೧೯೩೯ರಲ್ಲಿ ಯುದ್ಧವು ಮೊದಲಾಗಿ, ೧೯೪೦ರಲ್ಲಿ ನಾರ್ವೆ, ಬೆಲ್ಜಿಯಂ, ಫ್ರಾನ್ಸ್‌ಗಳು ಒಂದಾದ ಮೇಲೊಂದರಂತೆ ಜರ್ಮನಿಯ ವಶವಾದಾಗ, ಭಾರತದ ಕಾಫಿಯನ್ನು ಕೊಳ್ಳುತ್ತಿದ್ದ ಮಾರುಕಟ್ಟೆಗಳು ಕಣ್ಣೆದುರಿಗೇ ಮುಚ್ಚಿಹೋದುವು. ಈ ಹೊಡೆತವು ಒಬ್ಬ ತೋಟಗಾರನ ಮೇಲೆ ಬಿದ್ದುದಲ್ಲ. ದೊಡ್ಡ ಕಂಪೆನಿಯ ಎಸ್ಟೇಟಿನ ಮೇಲೆಯೂ ಎರಡೆಕರೆಯ ಒಕ್ಕಲಿನ ಮೇಲೆಯೂ ಅದು ಒಂದೇ ದಿನ ಬಿದ್ದಿತು.

ಇಂತಹ ಸಂದರ್ಭದಲ್ಲಿ ಪ್ರತಿಯೊಬ್ಬನೂ ತನ್ನ ಮೂಟೆಯನ್ನು ಮೊದಲು ಮಾರಿಬಿಡಬೇಕೆಂದು ಓಡುವುದು ಸ್ವಾಭಾವಿಕ. ಎಲ್ಲರೂ ಓಡಿದರೆ ಬೆಲೆಯು ನೆಲಕ್ಕೆ ಬೀಳುವುದೂ ನಿಶ್ಚಯ. ಆಣೆಯೂ ಶಾಪವೂ ಈ ಓಟವನ್ನು ತಡೆಯಲಾರವಾದುದರಿಂದ ಕಾನೂನೇ ತಡೆಯಬೇಕಾಯಿತು. ೧೯೪೦ರ ಆಜ್ಞೆಯಿಂದ ಮೊದಲಾಗಿ ೧೯೪೨ರ ಕಾಫಿ ಕಾಯಿದೆಯಿಂದ ಸ್ಥಿರವಾದ ‘ಪೂಲ್’ ಪದ್ಧತಿಯು ಹೀಗೆ ಹುಟ್ಟಿತು. ಅದರ ಮೇರೆಗೆ ಬೆಳೆಗಾರನು ತನ್ನ ಬೆಳೆಯನ್ನು ಕ್ಯೂರಿಂಗ್ ಕಾರ್ಖಾನೆಗೆ ಒಪ್ಪಿಸುವನು. ಹಾಸನ, ಚಿಕ್ಕಮಗಳೂರು, ಹುಣಸೂರು, ಮಂಗಳೂರುಗಳ ಕಾರ್ಖಾನೆಗಳು, ಬೇರೆ ಬೇರೆ ಒಡೆಯರವಾದರೂ, ಕಾಫಿ ಬೋರ್ಡಿನ ಪ್ರತಿನಿಧಿಗಳಾಗಿ ಅದನ್ನು ಹಸನುಮಾಡಿ ದರ್ಜೆಗಳಾಗಿ ವಿಂಗಡಿಸುವುವು. ದರ್ಜೆಗೆ ತಕ್ಕಂತೆ ಬೆಳೆಗಾರನ ಲೆಕ್ಕದಲ್ಲಿ ಅಂಕಗಳು ಸೇರುವುವು. ಬೋರ್ಡು ಎಲ್ಲರ ಕಾಫಿಯನ್ನೂ ಒಟ್ಟಾಗಿ ಮಾರಿ, ಬಂದ ಹಣವನ್ನು ಅಂಕಗಳ ಪ್ರಕಾರ ಕಂತುಕಂತಾಗಿ ಹಂಚುವುದು. ಒಬ್ಬನ ಮೂಟೆ ಕಡಮೆ ಬೆಲೆಗೂ ಇನ್ನೊಬ್ಬನದು ಹೆಚ್ಚು ಬೆಲೆಗೂ ಮಾರಾಟವಾದರೂ, ಒಂದೇ ದರ್ಜೆಯ ಕಾಫಿಗೆ ಇಬ್ಬರಿಗೂ ಒಂದೇ ಸರಾಸರಿ ಬೆಲೆ ದೊರೆಯುವುದು. ಪರದೇಶದ ಮಾರುಕಟ್ಟೆ ಮುಚ್ಚಿದುದರಿಂದ ಸ್ವದೇಶದಲ್ಲಿಯೇ ಕುಡಿಯುವವರನ್ನು ಹೆಚ್ಚಿಸುವ ಕಾರ್ಯವೂ ಬೋರ್ಡಿಗೆ ಸೇರಿದ್ದಿತು. ೧೯೩೬ರಲ್ಲಿ ಮುಂಬಯಿಯಲ್ಲಿ ತೆರೆದ ಮೊದಲನೆಯ ಇಂಡಿಯಾ ಕಾಫಿ ಹೌಸಿನ ಮಾದರಿಯು ಇದಕ್ಕೆ ಅನುಕೂಲವಾಯಿತು.

ಪೂಲ್ ಪದ್ಧತಿಯು ಯುದ್ಧಕಾಲದಲ್ಲಿ ಬೆಳೆಗಾರರನ್ನು ಉಳಿಸಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಆಪತ್ತು ಕಳೆದ ಮೇಲೆಯೂ ಅದು ಐವತ್ತು ವರ್ಷ ಉಳಿಯಿತು. ಅಷ್ಟರಲ್ಲಿ ರಕ್ಷೆಯು ಬಂಧನವಾಗಿ ತೋರತೊಡಗಿತು. ಕಂತಿನ ಹಣಕ್ಕಾಗಿ ದೀರ್ಘಕಾಲ ಕಾಯಬೇಕಾಗುತ್ತಿದ್ದಿತು. ತನ್ನ ಬೆಳೆಯನ್ನು ತಾನೇ ಮಾರಲು ಬೆಳೆಗಾರನಿಗೆ ಅಧಿಕಾರವಿರಲಿಲ್ಲ. ೧೯೯೨ರಿಂದ ೧೯೯೬ರವರೆಗೆ ಹಂತಹಂತವಾಗಿ ಪೂಲ್ ಪದ್ಧತಿಯು ರದ್ದಾಯಿತು. ಬೆಳೆಗಾರನಿಗೆ ಸ್ವಾತಂತ್ರ್ಯವು ಬಂದಿತು. ಅದರ ಜೊತೆಯಲ್ಲಿಯೇ ಒಂಟಿತನವೂ ಬಂದಿತು. ೨೦೦೦ದಿಂದ ಮುಂದಣ ಎರಡು ಮೂರು ವರ್ಷಗಳಲ್ಲಿ ಲೋಕದ ಕಾಫಿಯ ಬೆಲೆಯು ದಶಕಗಳಲ್ಲಿ ಕಾಣದಷ್ಟು ಕುಸಿದಾಗ, ಆ ಭಾರವನ್ನು ಪ್ರತಿಯೊಂದು ತೋಟವೂ ತನ್ನ ಹೆಗಲ ಮೇಲೆಯೇ ಹೊರಬೇಕಾಯಿತು.

ಈ ಎರಡು ವೃತ್ತಾಂತಗಳನ್ನೂ ಕೂಡಿಸಿ ನೋಡಿದರೆ ಮೂರು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಒಬ್ಬೊಬ್ಬರಿಗೆ ಬೇರೆ ಬೇರೆ ಕಾಲದಲ್ಲಿ ಬರುವ ಅಪಾಯವನ್ನು ವರ್ತಕರು ತಮ್ಮೊಳಗೇ ಹಂಚಿಕೊಂಡು ಗೆಲ್ಲಬಹುದು. ಎಲ್ಲರಿಗೂ ಒಮ್ಮೆಗೇ ಬರುವ ಅಪಾಯಕ್ಕೆ ರಾಜ್ಯದ ಬೆಂಬಲವು ಬೇಕು. ಎರಡನೆಯದು, ಕೂಡಿ ಬಾಳುವುದಕ್ಕೆ ತೆರಬೇಕಾದ ಬೆಲೆಯೊಂದುಂಟು: ಅಯ್ಯಾವೊಳೆಯ ವರ್ತಕನು ಹೇರಿಗಿಷ್ಟೆಂದು ಕೊಟ್ಟನು, ಬೆಳಗೊಳದವನು ನೂರಕ್ಕೊಂದು ಕೊಟ್ಟನು, ಕಾಫಿಯ ಬೆಳೆಗಾರನು ಮಾರಾಟದ ಸ್ವಾತಂತ್ರ್ಯವನ್ನೇ ಕೊಟ್ಟನು. ಮೂರನೆಯದು, ಒಡಂಬಡಿಕೆಯನ್ನು ಆಪತ್ತಿಗೆ ಮುಂಚೆಯೇ ಮಾಡಿಕೊಂಡಿರಬೇಕು. ಕಳ್ಳರು ಬಂದ ರಾತ್ರಿ ಕಾವಲಿನ ವೆಚ್ಚದ ಪಾಲನ್ನು ಕುರಿತು ಚರ್ಚಿಸುವುದಕ್ಕೆ ಸಮಯವಿರುವುದಿಲ್ಲ.

ಇಂದು ಕೊಣನೂರಿನ ಸುತ್ತಣ ಹೊಲಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ಬೇಸಾಯವು ಮುಖ್ಯವಾಗಿದೆ. ೧೯೭೬ರಲ್ಲಿ ತಂಬಾಕು ಮಂಡಳಿಯು ಸ್ಥಾಪಿತವಾಗಿ, ೧೯೮೪ರಲ್ಲಿ ಕರ್ನಾಟಕದಲ್ಲಿ ಬಹಿರಂಗ ಹರಾಜು ಮೊದಲಾಯಿತು. ಸಮೀಪದ ರಾಮನಾಥಪುರದಲ್ಲಿಯೂ ಹರಾಜು ಮಾರುಕಟ್ಟೆಯಿದೆ. ಅಲ್ಲಿ ಮಾರುವವರು ಸಾವಿರಾರು ಒಕ್ಕಲುಗಳು, ಕೊಳ್ಳುವವರು ಕೆಲವೇ ಕಂಪೆನಿಗಳು. ಒಂದು ಮನೆಯ ಬ್ಯಾರನ್ನಿಗೆ ಬೆಂಕಿ ಬಿದ್ದರೆ ಅದು ಹಂಚಿಕೊಳ್ಳಬಹುದಾದ ಅಪಾಯ. ನೆರೆಹೊರೆಯ ನೂರು ಮನೆಗಳು ಕೈಗೂಡಿಸಿದರೆ ಅದನ್ನು ತುಂಬಿಕೊಡಬಹುದು. ಕೊಳ್ಳುವವರೇ ಹಿಂದೆಗೆದರೆ ಅದು ಎಲ್ಲರ ಮೇಲೂ ಒಮ್ಮೆಗೇ ಬೀಳುವ ಅಪಾಯ. ಮೊದಲನೆಯದಕ್ಕೆ ಬೇಕಾದ ಉಪಾಯವು ಮೊಸಳೆಯ ಮತ್ತು ಬೆಳಗೊಳದ ಕಲ್ಲುಗಳಲ್ಲಿಯೇ ಇದೆ. ಎರಡನೆಯದಕ್ಕೆ ಬೇಕಾದ ಎಚ್ಚರವನ್ನು ದೋರಸಮುದ್ರದ ಪತನವೂ ೧೯೪೦ರ ಕಾಫಿಯ ಮೂಟೆಗಳೂ ಹೇಳುತ್ತವೆ. ಯಾವ ಅಪಾಯವು ಯಾವ ಬಗೆಯದೆಂಬುದನ್ನು 미ೊದಲೇ ವಿವೇಚಿಸಿ, ತಕ್ಕ ಒಡಂಬಡಿಕೆಯನ್ನು ಮಾಡಿಕೊಳ್ಳುವ ಜವಾಬ್ದಾರಿಯು ಆಯಾ ಕಾಲದ ಬೆಳೆಗಾರರದೂ ವರ್ತಕರದೂ ಆಗಿದೆ.